ಮೀಟರ್ 60 ಅಂದಾಗ ಗಾಡಿ 52ರಲ್ಲಿ: ಸ್ಪೀಡೋಮೀಟರ್ ತಪ್ಪು ಹುಡುಕಿ ಇಸಿಯುನಲ್ಲಿ ತಿದ್ದುವ ಬಗೆ

"ಅಣ್ಣಾ, ಮೀಟರಲ್ಲಿ ಎಂಬತ್ತು ಇರುತ್ತೆ, ಪಕ್ಕದಲ್ಲಿ ಸ್ಕೂಟರ್ ಆರಾಮಾಗಿ ದಾಟ್ಕೊಂಡು ಹೋಗುತ್ತೆ. ಏನೋ ಲೆಕ್ಕ ತಪ್ಪಿದೆ. ಆದ್ರೆ ಟ್ಯೂನಿಂಗ್ ಮಾಡಿಸಿದ ಮೇಲೆ ಮೈಲೇಜ್ ಮಾತ್ರ ಸೂಪರ್, ಲೀಟರಿಗೆ ಇಪ್ಪತ್ನಾಲ್ಕು ಬರ್ತಿದೆ."

ನನ್ನ ಗ್ಯಾರೇಜಿಗೆ ಗಾಡಿ ತಂದವರು ಒಂದು ದೂರು, ಒಂದು ಖುಷಿ ಸುದ್ದಿ ಅಂತ ಹೇಳಿದರು. ನನ್ನ ಕಿವಿಗೆ ಎರಡೂ ಒಂದೇ ಕಾಯಿಲೆಯ ಲಕ್ಷಣಗಳಾಗಿ ಕೇಳಿದವು. ವೇಗ ಜಾಸ್ತಿ ತೋರಿಸುವ ಗಾಡಿ ದೂರವನ್ನೂ ಜಾಸ್ತಿ ಬರೆದುಕೊಳ್ಳುತ್ತಿದ್ದರೆ, ಅದೇ ಪೆಟ್ರೋಲಿಗೆ ಹೆಚ್ಚು ಕಿಲೋಮೀಟರ್ ಕಾಣಿಸುತ್ತದೆ. ಅಲ್ಲಿಂದಲೇ ನನ್ನ ಹುಡುಕಾಟ ಶುರುವಾಯಿತು.

ಗಾಡಿ 2012ರ ಹಾರ್ಲೆ-ಡೇವಿಡ್‌ಸನ್ ಐರನ್ 883, ಸೆಕೆಂಡ್ ಹ್ಯಾಂಡ್, ಎಬಿಎಸ್ ಇಲ್ಲ. ಹಿಂದಿನ ಮಾಲೀಕರು ಸೈಲೆನ್ಸರ್ ಮತ್ತು ಏರ್ ಫಿಲ್ಟರ್ ಬದಲಾಯಿಸಿದ್ದರು. ಅದಕ್ಕೆ ಹೊಂದುವಂತೆ ಇವರು ಬೇರೆಲ್ಲೋ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರನ್ನು ಫ್ಲ್ಯಾಶ್ ಮಾಡಿಸಿದ್ದರು (ಅದರೊಳಗಿನ ಫೈಲ್ ಬದಲಾಯಿಸಿ ಬರೆಸಿದ್ದರು). "ಲ್ಯಾಪ್‌ಟಾಪ್ ಹಾಕಿ ಸ್ಪೀಡೋ ಶೇಕಡಾ 15 ಇಳಿಸಿಬಿಡಿ ಸಾಕು" ಎಂಬುದು ಅವರ ಬೇಡಿಕೆ. ಆ ಕೆಲಸಕ್ಕೆ ಐದು ನಿಮಿಷ ಬೇಕಿರಲಿಲ್ಲ. ಹಾಗೆ ಮಾಡಿದ್ದರೆ ಮೀಟರ್ ಮುಳ್ಳು ಸರಿಯಾಗಿ, ಓಡಿದ ದೂರ ತೋರಿಸುವ ಓಡೋಮೀಟರ್ ಇನ್ನೊಂದು ದಿಕ್ಕಿಗೆ ತಪ್ಪುತ್ತಿತ್ತು. ಅದು ಯಾಕೆ ಎಂಬುದೇ ಈ ಬರಹದ ಮುಖ್ಯ ವಿಷಯ.

ತಪ್ಪು ಎಷ್ಟಿದ್ದರೆ ತಪ್ಪು?

ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವುದು ದೋಷವಲ್ಲ, ಕಾರ್ಖಾನೆಯಲ್ಲಿ ಬೇಕೆಂದೇ ಹಾಗೆ ಇಟ್ಟಿರುತ್ತಾರೆ. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ 39ನೇ ನಿಯಮದ ಪ್ರಕಾರ ಮೀಟರ್ ತೋರಿಸುವ ವೇಗ ನಿಜವಾದ ವೇಗಕ್ಕಿಂತ ಎಂದೂ ಕಡಿಮೆ ಇರಕೂಡದು. ಹೆಚ್ಚು ಇರಬಹುದು, ಆದರೆ ಆ ಹೆಚ್ಚಳ ನಿಜವೇಗದ ಹತ್ತನೇ ಒಂದು ಭಾಗಕ್ಕೆ 4 ಕಿ.ಮೀ. ಸೇರಿಸಿದಷ್ಟನ್ನು ಮೀರಬಾರದು. ಅಂದರೆ ನೀವು ನಿಜಕ್ಕೂ 60ರಲ್ಲಿದ್ದರೆ ಮೀಟರ್ 60ರಿಂದ 70ರವರೆಗೆ ಏನು ಬೇಕಾದರೂ ತೋರಿಸಬಹುದು. 80ರಲ್ಲಿದ್ದರೆ 92ರವರೆಗೂ ಸರಿಯೇ. ನಮ್ಮಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 117ನೇ ನಿಯಮ ಸ್ಪೀಡೋಮೀಟರ್ ವಿಷಯವನ್ನು ಹೇಳುತ್ತದೆ. ಸವೆದ ಟೈರ್ ತೆಗೆದು ಹೊಸದು ಹಾಕಿದರೂ, ಗಾಳಿ ಹೆಚ್ಚುಕಮ್ಮಿ ಆದರೂ ಮೀಟರ್ ಕಡಿಮೆ ತೋರಿಸುವ ಸ್ಥಿತಿಗೆ ಬರಬಾರದೆಂದು ಕಂಪನಿಗಳು ಮೊದಲೇ ನಾಲ್ಕೈದು ಶೇಕಡಾ ಮೇಲಿಟ್ಟು ಕಳಿಸುತ್ತವೆ.

ಓಡೋಮೀಟರ್‌ಗೆ ಇಂಥ ಏರಿಕೆ ಇರುವುದಿಲ್ಲ. ಅದು ಸೆನ್ಸರಿನಿಂದ ಬಂದ ಪಲ್ಸ್‌ಗಳನ್ನು (ವಿದ್ಯುತ್ ಮಿಡಿತಗಳನ್ನು) ನೇರವಾಗಿ ಎಣಿಸಿ ದೂರ ಬರೆಯುತ್ತದೆ. ಒಂದೇ ಸೆನ್ಸರ್, ಒಂದೇ ವೈರ್, ಆದರೆ ಮುಳ್ಳಿಗೊಂದು ಲೆಕ್ಕ, ಕಿಲೋಮೀಟರಿಗೊಂದು ಲೆಕ್ಕ. ಇಸಿಯುನಲ್ಲಿ ನಾವು ಬದಲಾಯಿಸುವ ಸಂಖ್ಯೆ ಮಾತ್ರ ಎರಡನ್ನೂ ಒಟ್ಟಿಗೇ ಎಳೆಯುತ್ತದೆ. ಹಾಗಾಗಿ ಕೀಲಿ ತಿರುಗಿಸುವ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ಮುಳ್ಳು ಎಷ್ಟು ಶೇಕಡಾ ಹೆಚ್ಚು? ಓಡೋ ಎಷ್ಟು ಶೇಕಡಾ ಹೆಚ್ಚು? ಮುಳ್ಳು 5 ಶೇಕಡಾ ಹೆಚ್ಚಿದ್ದು ಓಡೋ ಸರಿಯಾಗಿದ್ದರೆ ಗಾಡಿಯಲ್ಲಿ ದೋಷವೇ ಇಲ್ಲ, ಮುಟ್ಟಬೇಡಿ. ಎರಡೂ ತಪ್ಪಿದ್ದರೆ ಓಡೋ ತಪ್ಪಿದಷ್ಟನ್ನೇ ತಿದ್ದಬೇಕು, ಮುಳ್ಳಿನ ತಪ್ಪಿನಷ್ಟನ್ನಲ್ಲ.

ಸಿಗ್ನಲ್ ಎಲ್ಲಿಂದ ಬರುತ್ತದೆ?

ಇದನ್ನು ತಿಳಿಯದೆ ಇಸಿಯು ಟ್ಯೂನಿಂಗ್ ಮಾತೇ ಎತ್ತಬಾರದು. ಹಳೆಯ ಬುಲೆಟ್, ಆರ್‌ಎಕ್ಸ್ 100, ಸ್ಪ್ಲೆಂಡರ್‌ಗಳಲ್ಲಿ ಮುಂದಿನ ಚಕ್ರದ ಹಬ್‌ನಿಂದ ಕೇಬಲ್ ಮೇಲಕ್ಕೆ ಬರುತ್ತದೆ. ಅಲ್ಲಿ ಕಂಪ್ಯೂಟರಿನ ಪಾತ್ರವೇ ಇಲ್ಲ. ತಪ್ಪಿದ್ದರೆ ಹಬ್‌ನ ಗೇರ್, ಕೇಬಲ್, ಮೀಟರ್ ಈ ಮೂರರಲ್ಲೇ ಹುಡುಕಬೇಕು. 2018-19ರಲ್ಲಿ 125 ಸಿಸಿಗಿಂತ ದೊಡ್ಡ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾದ ಮೇಲೆ ಬಹಳಷ್ಟು ಗಾಡಿಗಳಲ್ಲಿ ವೇಗ ಚಕ್ರದ ಎಬಿಎಸ್ ರಿಂಗ್‌ನಿಂದಲೇ ಬರುತ್ತದೆ. ಅಂಥ ಗಾಡಿಯಲ್ಲಿ ಚೈನ್ ಸ್ಪ್ರಾಕೆಟ್ ಏನು ಬದಲಾಯಿಸಿದರೂ ಮೀಟರ್ ಅಲುಗಾಡುವುದಿಲ್ಲ, ಇಸಿಯು ಫೈಲ್ ತಿದ್ದಿದರೂ ಪ್ರಯೋಜನವಿಲ್ಲ. ಚಕ್ರದ ಸೆನ್ಸರ್ ವೈರಿಗೆ ನಡುವೆ ಯಾವ ಡಬ್ಬಿಯನ್ನೂ ಸೇರಿಸಬೇಡಿ. ಆ ವೈರಿನ ಸತ್ಯದ ಮೇಲೆ ನಿಮ್ಮ ಬ್ರೇಕ್ ನಿಂತಿದೆ.

ಮೂರನೇ ಬಗೆ ಗೇರ್‌ಬಾಕ್ಸ್ ಸೆನ್ಸರ್. ನಮ್ಮ ಐರನ್ ಈ ಜಾತಿಯದು. ಗೇರ್‌ಬಾಕ್ಸ್ ಒಳಗೆ ಹಿಂದಿನ ಚಕ್ರದ ಜೊತೆಗೇ ತಿರುಗುವ ಒಂದು ಗೇರಿನ ಹಲ್ಲುಗಳನ್ನು ಹಾಲ್ ಸೆನ್ಸರ್ ಎಣಿಸಿ ಇಸಿಯುಗೆ ಕಳಿಸುತ್ತದೆ. ಇಸಿಯು ಅದನ್ನು ವೇಗವಾಗಿ ಪರಿವರ್ತಿಸಿ ಮೀಟರಿಗೆ ರವಾನಿಸುತ್ತದೆ. ಇಷ್ಟು ಹಲ್ಲಿಗೆ ಇಷ್ಟು ದೂರ ಎಂಬ ಸಂಖ್ಯೆ ಇಸಿಯು ಫೈಲಿನಲ್ಲಿ ಇದೆ. ಸೆನ್ಸರಿನಾಚೆಗೆ ಇರುವ ಪುಲ್ಲಿ (ಬೆಲ್ಟ್ ಓಡುವ ಹಲ್ಲಿನ ಚಕ್ರ), ಬೆಲ್ಟ್, ಟೈರ್ ಯಾವುದನ್ನೂ ಅದು ಕಣ್ಣಾರೆ ನೋಡುವುದಿಲ್ಲ. ಎಲ್ಲವೂ ಫೈಲಿನಲ್ಲಿ ಬರೆದಂತೆಯೇ ಇದೆ ಎಂದು ನಂಬಿ ಲೆಕ್ಕ ಹಾಕುತ್ತದೆ. ಹೀಗಾಗಿ ಅಲ್ಲಿ ಏನಾದರೂ ಬದಲಾದರೆ ಮೀಟರ್ ತಪ್ಪುತ್ತದೆ, ಫೈಲ್ ಬದಲಾದರೂ ತಪ್ಪುತ್ತದೆ.

ಚೈನ್ ಗಾಡಿಯಲ್ಲಿ ಇದರ ಪರಿಣಾಮ ಬೇಗ ಗೊತ್ತಾಗುತ್ತದೆ. ಮುಂದಿನ ಸ್ಪ್ರಾಕೆಟ್ 15 ಹಲ್ಲಿನಿಂದ 14ಕ್ಕೆ ಇಳಿಸಿದರೆ ಗೇರ್‌ಬಾಕ್ಸ್ ಸೆನ್ಸರಿನ ಮೀಟರ್ ಶೇಕಡಾ 7 ಹೆಚ್ಚು ತೋರಿಸುತ್ತದೆ. ಹಿಂದಿನದನ್ನು 42ರಿಂದ 45ಕ್ಕೆ ಏರಿಸಿದರೂ ಅದೇ 7. ತಿರುವುಮುರುವಾಗಿ 14ರಿಂದ 15ಕ್ಕೆ ಹೋದರೆ ಅಪಾಯ. ಕಂಪನಿ ಇಟ್ಟ ನಾಲ್ಕು ಶೇಕಡಾ ಮೆತ್ತೆ ಕರಗಿ ಮೀಟರ್ 80 ಅಂದಾಗ ಗಾಡಿ 82 ದಾಟಿರುತ್ತದೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಮಿತಿ 80. ದಂಡ ಬೀಳುವುದು ರೇಡಾರ್ ಗನ್ ತೋರಿಸಿದ ವೇಗಕ್ಕೆ, ನಿಮ್ಮ ಮುಳ್ಳು ತೋರಿಸಿದ್ದಕ್ಕಲ್ಲ.

ಅಳತೆ: ಮೊದಲು ದೂರ, ಆಮೇಲೆ ವೇಗ

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವಿಲ್ಲ. ಆದ್ದರಿಂದ ನಾನು ತುಮಕೂರು ರಸ್ತೆ ಹಿಡಿಯುತ್ತೇನೆ. ನೆಲಮಂಗಲ ದಾಟಿ ದಾಬಸ್‌ಪೇಟೆ ಕಡೆಗೆ ರಾಷ್ಟ್ರೀಯ ಹೆದ್ದಾರಿ 48 ಒಳ್ಳೆ ನೇರ ಇದೆ, ಮೇಲೆ ಆಕಾಶ ತೆರೆದಿದೆ, ಬೆಳಿಗ್ಗೆ ಆರಕ್ಕೆ ಹೋದರೆ ಒಂದೇ ವೇಗದಲ್ಲಿ ನಿಲ್ಲಬಹುದು.

ಹೊರಡುವ ಮೊದಲು ಟೈರ್ ತಣ್ಣಗಿರುವಾಗಲೇ ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿ ಹಾಕಿ. ಫೋನಿನಲ್ಲಿ ಜಿಪಿಎಸ್ ದಾರಿ ಬರೆದಿಡುವ ಯಾವುದೇ ಆಪ್ ಸಾಕು. ಟ್ರಿಪ್ ಮೀಟರ್ ಸೊನ್ನೆ ಮಾಡಿ, ಆಪ್ ಶುರು ಮಾಡಿ, ಎರಡನ್ನೂ ಒಂದೇ ಜಾಗದಲ್ಲಿ ನಿಲ್ಲಿಸಿ. ನಡುವೆ ಚಹಾಕ್ಕೆ ನಿಂತರೆ ಆಪ್‌ಗೂ ವಿರಾಮ ಕೊಡಿ. ನಿಂತಲ್ಲೇ ಜಿಪಿಎಸ್ ಸ್ವಲ್ಪ ಸ್ವಲ್ಪ ಅಲೆದಾಡಿ ಇಲ್ಲದ ದೂರವನ್ನು ಕೂಡಿಸಿಬಿಡುತ್ತದೆ. ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳನ್ನೂ ನೋಡಿಕೊಳ್ಳಿ, ಆದರೆ ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಲೆಕ್ಕ ಹಾಕಬೇಡಿ. ರಸ್ತೆ ಅಗಲ ಮಾಡಿದ, ಫ್ಲೈಓವರ್ ಕಟ್ಟಿದ ಕಡೆ ಕಲ್ಲುಗಳು ಅಲ್ಪಸ್ವಲ್ಪ ಸರಿದಿರುತ್ತವೆ. ಹತ್ತು ಕಲ್ಲು ದಾಟಿದ ಮೇಲಿನ ಲೆಕ್ಕ ನಂಬಬಹುದು.

ನಮ್ಮ ಗಾಡಿಯ ಫಲ: ಜಿಪಿಎಸ್‌ನಲ್ಲಿ 20.0 ಕಿ.ಮೀ., ಟ್ರಿಪ್‌ನಲ್ಲಿ 22.2. ಶೇಕಡಾ 11 ಹೆಚ್ಚು.

ವಾಪಸ್ ಬರುವಾಗ ವೇಗ. ಐರನ್‌ಗೆ ಒಂಟಿ ಸೀಟು, ಹಿಂದೆ ಗ್ಯಾರೇಜಿನ ಹುಡುಗನನ್ನು ಕೂರಿಸಿ ಫೋನ್ ಓದಿಸಲು ಆಗುವುದಿಲ್ಲ. ಓಡಿಸುವವರೇ ಎರಡು ಕಡೆ ನೋಡುತ್ತಾ ಹೋಗುವುದು ಪ್ರಾಣಕ್ಕೆ ಅಪಾಯ. ಮೀಟರ್ ಪಕ್ಕ ಫೋನ್ ಕಟ್ಟಿ, ಹೆಲ್ಮೆಟ್ ಕ್ಯಾಮೆರಾದಲ್ಲಿ ಎರಡೂ ಕಾಣುವಂತೆ ವಿಡಿಯೊ ಮಾಡಿಕೊಂಡೆ, ಗ್ಯಾರೇಜಿಗೆ ಬಂದು ನಿಧಾನವಾಗಿ ನೋಡಿದೆ. ಫೋನ್ ಹಳೆಯದನ್ನೇ ಬಳಸಿ. ದೊಡ್ಡ ವಿ-ಟ್ವಿನ್ ಎಂಜಿನ್ನಿನ ನಡುಕಕ್ಕೆ ಒಳ್ಳೆ ಫೋನಿನ ಕ್ಯಾಮೆರಾ ಹಾಳಾಗಬಹುದು. ಒಂದು ವೇಗಕ್ಕೆ ಬಂದ ಮೇಲೆ ಹತ್ತು ಹದಿನೈದು ಸೆಕೆಂಡ್ ಅಲ್ಲೇ ಹಿಡಿಯಿರಿ. ಜಿಪಿಎಸ್ ಒಂದೆರಡು ಸೆಕೆಂಡ್ ಹಿಂದೆ ಬೀಳುತ್ತದೆ, ವೇಗ ಏರುತ್ತಿರುವಾಗ ತೆಗೆದ ಅಂಕಿ ಯಾವ ಕೆಲಸಕ್ಕೂ ಬರುವುದಿಲ್ಲ.

ಮೀಟರ್ 40 ಇದ್ದಾಗ ಜಿಪಿಎಸ್ 34.7. ಮೀಟರ್ 60ಕ್ಕೆ 52. ಮೀಟರ್ 80ಕ್ಕೆ 69.4. ಮೂರು ಕಡೆಯೂ ಸುಮಾರು ಶೇಕಡಾ 15 ಹೆಚ್ಚು.

ಮೇಲೆ ಹೇಳಿದ ಸೂತ್ರಕ್ಕೆ ಇದನ್ನು ಹಾಕಿ ನೋಡಿ. ನಿಜವೇಗ 52 ಇದ್ದಾಗ ಮೀಟರ್ 61.2ರವರೆಗೂ ತೋರಿಸಬಹುದು, ನಮ್ಮದು 60 ತೋರಿಸಿದೆ. 69.4 ಇದ್ದಾಗ 80.3ರವರೆಗೆ ಅವಕಾಶವಿದೆ, ನಮ್ಮದು 80. ಮುಳ್ಳನ್ನು ಮಾತ್ರ ನೋಡಿದರೆ ಈ ಗಾಡಿ ಸೂತ್ರದ ಮಿತಿಯೊಳಗೇ ಇದೆ, ದೋಷ ಇಲ್ಲವೆಂದು ಬರೆದು ಕಳಿಸಬಹುದಿತ್ತು. ದೋಷವನ್ನು ಹಿಡಿದುಕೊಟ್ಟದ್ದು ಟ್ರಿಪ್ ಮೀಟರಿನ ಆ 22.2. ವೇಗದ ತಪ್ಪು 15.4, ದೂರದ ತಪ್ಪು 11, 1.154ನ್ನು 1.11ರಿಂದ ಭಾಗಿಸಿದರೆ 1.04. ಆ ನಾಲ್ಕು ಶೇಕಡಾ ಕಂಪನಿಯದು, ಉಳಿದ ಹನ್ನೊಂದು ಯಾರೋ ತಂದು ಸೇರಿಸಿದ್ದು.

ಅಂಕಿ ನೋಡಿ ದೋಷ ಗುರುತಿಸುವುದು

ತಪ್ಪು ಎಲ್ಲ ವೇಗದಲ್ಲೂ ಒಂದೇ ಶೇಕಡಾ ಇದ್ದರೆ ಅದು ಲೆಕ್ಕದ ತಪ್ಪು: ಟೈರ್, ಸ್ಪ್ರಾಕೆಟ್, ಪುಲ್ಲಿ ಅಥವಾ ಫೈಲಿನ ಸಂಖ್ಯೆ. ಎಲ್ಲ ವೇಗದಲ್ಲೂ ಒಂದೇ ಸಮ ಐದೋ ಆರೋ ಕಿ.ಮೀ. ಹೆಚ್ಚಿದ್ದರೆ ಮುಳ್ಳೇ ಜಾರಿದೆ, ಮೀಟರ್ ಬಿಚ್ಚಬೇಕು. ಮುಳ್ಳು ಕುಣಿಯುತ್ತಿದ್ದರೆ, ಆಗಾಗ ಸೊನ್ನೆಗೆ ಬಿದ್ದು ಮತ್ತೆ ಏಳುತ್ತಿದ್ದರೆ ಸೆನ್ಸರ್ ಅಥವಾ ಅದರ ವೈರ್ ಜೋಡಿಸುವ ಕಪ್ಲರ್. ತಪ್ಪು ಸರಿಯಾಗಿ 1.6 ಪಟ್ಟು ಇದ್ದರೆ ಏನನ್ನೂ ಬಿಚ್ಚಬೇಡಿ, ಮೀಟರ್ ಮೈಲಿಯಲ್ಲಿದೆ. ಹೊರದೇಶದಿಂದ ತರಿಸಿದ ಮೀಟರ್‌ಗಳಲ್ಲಿ ಇದು ಇರುತ್ತದೆ.

ನಮ್ಮದು ಮೊದಲನೇ ಗುಂಪಿಗೆ ಸೇರಿತ್ತು. ಆದರೂ ಸೆನ್ಸರ್ ನೋಡದೆ ಬಿಡಲಿಲ್ಲ, ಟೈರ್ ಅಳೆಯದೆಯೂ ಬಿಡಲಿಲ್ಲ.

ಸೀಮೆಸುಣ್ಣದ ಗೆರೆ

ಹಿಂದಿನ ಟೈರ್ ಮೇಲೆ 150/80 ಬಿ 16 ಎಂದಿತ್ತು. ಕಂಪನಿ ಕೊಟ್ಟ ಅಳತೆಯೇ. ಕಾಗದದ ಲೆಕ್ಕ: ರಿಮ್ 406.4 ಮಿ.ಮೀ., ಅದಕ್ಕೆ ಎರಡು ಬದಿಯ ಗೋಡೆ 120ರಂತೆ 240 ಸೇರಿ ವ್ಯಾಸ 646.4, ಸುತ್ತಳತೆ ಸುಮಾರು 2,031 ಮಿ.ಮೀ. ಆದರೆ ರಸ್ತೆಯ ಮೇಲೆ ಭಾರ ಹೊತ್ತ ಟೈರ್ ಕಾಗದದಷ್ಟು ದುಂಡಗಿರುವುದಿಲ್ಲ.

ಗ್ಯಾರೇಜ್ ಮುಂದಿನ ಸಿಮೆಂಟ್ ನೆಲ ಗುಡಿಸಿ, ಟೈರ್ ನೆಲ ಮುಟ್ಟುವ ಜಾಗದಲ್ಲಿ ಟೈರಿಗೂ ನೆಲಕ್ಕೂ ಸೇರಿಸಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ. ಗಾಡಿಯ ಮಾಲೀಕರನ್ನೇ ಹೆಲ್ಮೆಟ್ ಸಮೇತ ಮೇಲೆ ಕೂರಿಸಿದೆ. ಹುಡುಗ ಹಿಂದಿನಿಂದ ಮೆಲ್ಲಗೆ ತಳ್ಳಿದ. ಟೈರಿನ ಗೆರೆ ಮೂರು ಸುತ್ತು ತಿರುಗಿ ಮತ್ತೆ ನೆಲಕ್ಕೆ ಬಂದಾಗ ಇನ್ನೊಂದು ಗೆರೆ. ಟೇಪ್ ಹಿಡಿದರೆ 5 ಮೀಟರ್ 94 ಸೆಂಟಿಮೀಟರ್. ಒಂದು ಸುತ್ತಿಗೆ 1.98 ಮೀಟರ್. ಕಾಗದದ ಲೆಕ್ಕಕ್ಕಿಂತ ಎರಡೂವರೆ ಶೇಕಡಾ ಕಡಿಮೆ, ಇರಬೇಕಾದ್ದೇ ಅಷ್ಟು.

ಶೇಕಡಾ 11 ತಪ್ಪು ಟೈರಿನಿಂದಲೇ ಬರಬೇಕಿದ್ದರೆ ವ್ಯಾಸ ಆರು ಸೆಂಟಿಮೀಟರಿಗೂ ಹೆಚ್ಚು ಕಡಿಮೆ ಇರಬೇಕಿತ್ತು. ಅಂಥ ಟೈರ್ ದೂರದಿಂದಲೇ ಚಿಕ್ಕದಾಗಿ ಕಾಣುತ್ತದೆ. ಹಾರ್ಲೆ ಗಾಡಿಗಳಲ್ಲಿ ಕಾಣುವ ಇನ್ನೊಂದು ಅಳತೆ 130/90 ಬಿ 16 ಹಾಕಿದ್ದರೂ ವ್ಯತ್ಯಾಸ ಒಂದು ಶೇಕಡಾ ಮುಟ್ಟುವುದಿಲ್ಲ. ಟೈರ್ ಸವೆತದ ಪಾಲು ಮಾತ್ರ ನೆನಪಿರಲಿ: 6 ಮಿ.ಮೀ. ರಬ್ಬರ್ ಸವೆದರೆ ಈ ಅಳತೆಯ ಟೈರಿನಲ್ಲಿ ಸುಮಾರು ಎರಡು ಶೇಕಡಾ ಆಗುತ್ತದೆ. ಸವೆದು ಬೋಳಾದ ಟೈರ್ ಮೇಲೆ ಇಸಿಯು ತಿದ್ದಿ, ಮರುವಾರ ಹೊಸ ಟೈರ್ ಹಾಕಿದರೆ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ಮೊದಲು ಟೈರ್, ಆಮೇಲೆ ಟ್ಯೂನಿಂಗ್.

ಬೆಲ್ಟ್ ಕವರ್ ತೆಗೆದು ಎರಡೂ ಪುಲ್ಲಿಗಳ ಹಲ್ಲು ಎಣಿಸಿದೆವು. ಎಣಿಸಲು ಶುರು ಮಾಡಿದ ಹಲ್ಲಿಗೆ ಬಿಳಿ ಪೇಂಟ್ ಚುಕ್ಕೆ ಇಡಿ, ಇಲ್ಲವಾದರೆ ಒಂದೆರಡು ತಪ್ಪೇ ತಪ್ಪುತ್ತದೆ. ಈ ಮಾಡೆಲಿನ ಸರ್ವಿಸ್ ಕೈಪಿಡಿಯ ಸಂಖ್ಯೆಗೆ ಎರಡೂ ತಾಳೆಯಾದವು. ಅಂದರೆ ಕಬ್ಬಿಣ, ರಬ್ಬರ್ ಎಲ್ಲವೂ ಕಂಪನಿಯದೇ.

ಸೆನ್ಸರ್

ಈ ಗಾಡಿಯಲ್ಲಿ ಟ್ರಿಪ್ ಬಟನ್ ಒತ್ತಿ ಹಿಡಿದು, ಕಿಲ್ ಸ್ವಿಚ್ ರನ್‌ನಲ್ಲಿಟ್ಟು ಇಗ್ನಿಷನ್ ಹಾಕಿದರೆ ಮೀಟರಿನಲ್ಲಿ 'ಡಯಾಗ್' ಎಂದು ಬರುತ್ತದೆ. ಅಲ್ಲಿಂದ ದೋಷದ ಕೋಡ್ ಓದಬಹುದು. ವೇಗ ಸೆನ್ಸರಿನದಾದರೆ ಪಿ0501 ಅಥವಾ ಪಿ0502. ನಮ್ಮಲ್ಲಿ ಎರಡೂ ಇರಲಿಲ್ಲ.

ಆದರೂ ಸೆನ್ಸರ್ ಬಿಚ್ಚಿದೆ. ತುದಿಯಲ್ಲಿ ಕಾಡಿಗೆಯ ಹಾಗೆ ಕಪ್ಪು ಮೆತ್ತಿಕೊಂಡಿತ್ತು. ಬೆರಳಲ್ಲಿ ಉಜ್ಜಿದರೆ ನುಣುಪಾದ ಕಬ್ಬಿಣದ ಪುಡಿ. ಸೆನ್ಸರ್ ಒಳಗೆ ಅಯಸ್ಕಾಂತ ಇರುವುದರಿಂದ ಆಯಿಲ್‌ನಲ್ಲಿರುವ ಗೇರಿನ ಪುಡಿ ಅಲ್ಲಿ ಬಂದು ಕೂರುತ್ತದೆ. ನುಣುಪಾದ ಪುಡಿಗೆ ಹೆದರಬೇಕಿಲ್ಲ. ಚೂಪಾದ ಚೂರು, ಹೊಳೆಯುವ ತುಣುಕು ಸಿಕ್ಕರೆ ಸ್ಪೀಡೋ ಬಿಟ್ಟು ಗೇರ್‌ಬಾಕ್ಸ್ ಕಡೆ ಗಮನ ಕೊಡಿ. ಒರೆಸಿ, ಓ-ರಿಂಗ್ ಹೊಸದು ಹಾಕಿ ಕೂರಿಸಿದೆ. ಕಪ್ಲರ್ ಪಿನ್‌ಗಳಲ್ಲಿ ಹಸಿರು ತುಕ್ಕು ಇಲ್ಲ. ಹಿಂದಿನ ಚಕ್ರ ಜಾಕ್ ಮೇಲೆತ್ತಿ, ನ್ಯೂಟ್ರಲ್‌ನಲ್ಲಿ ಕೈಯಿಂದ ಮೆಲ್ಲಗೆ ತಿರುಗಿಸಿದಾಗ ಸಿಗ್ನಲ್ ವೈರಿನ ವೋಲ್ಟೇಜ್ ಏರಿ ಇಳಿಯುತ್ತಿತ್ತು. ಸೆನ್ಸರ್ ಜೀವಂತ.

ಸೆನ್ಸರ್ ಸ್ವಚ್ಛ ಮಾಡಿದ್ದರಿಂದ 11 ಶೇಕಡಾ ತಪ್ಪು ಹೋಗುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು. ಹಲ್ಲು ಎಣಿಸುವ ಸೆನ್ಸರ್ ಕೆಟ್ಟರೆ ಹಲ್ಲು ಬಿಟ್ಟುಬಿಡುತ್ತದೆ, ಆಗ ಮೀಟರ್ ಕಡಿಮೆ ತೋರಿಸುತ್ತದೆ ಅಥವಾ ಕುಣಿಯುತ್ತದೆ. 40ರಲ್ಲೂ 80ರಲ್ಲೂ ಒಂದೇ ಪ್ರಮಾಣದಲ್ಲಿ ಇಲ್ಲದ ಹಲ್ಲನ್ನು ಎಣಿಸುವುದು ಅದರಿಂದ ಆಗದ ಕೆಲಸ. ಸೆನ್ಸರ್ ಬದಲಾಯಿಸಿ ಅಂತ ಯಾರಾದರೂ ಬಿಲ್ ಹಾಕಲು ಬಂದರೆ ಈ ಮಾತು ಕೇಳಿ.

ಫೈಲಿನೊಳಗೆ

ಉಳಿದದ್ದು ಇಸಿಯು. ಡಯಾಗ್ನೋಸ್ಟಿಕ್ ಕಪ್ಲರಿಗೆ ಇಸಿಯು ಫೈಲ್ ಓದಿ ಬರೆಯುವ ಟ್ಯೂನರ್ ಜೋಡಿಸಿ, ಬೇರೆ ಏನೂ ಮಾಡುವ ಮೊದಲು ಅದರಲ್ಲಿದ್ದ ಫೈಲನ್ನು ಓದಿ ತಾರೀಖು ಹಾಕಿ ಉಳಿಸಿಕೊಂಡೆ. ಎಷ್ಟೇ ಕೆಟ್ಟ ಫೈಲಾದರೂ ಮೊದಲು ಉಳಿಸಬೇಕು. ಗಾಡಿ ಓಡಿಕೊಂಡು ಬಂದದ್ದು ಅದರಿಂದಲೇ. ಆಮೇಲೆ ಅದೇ ವರ್ಷ, ಅದೇ ಮಾಡೆಲಿನ ಕಂಪನಿ ಫೈಲನ್ನು ಪಕ್ಕದಲ್ಲಿ ತೆರೆದು ಹೋಲಿಸಿದೆ. ಎಂಜಿನ್ ಅಳತೆ, ಇಂಜೆಕ್ಟರ್ ಅಳತೆ ಒಂದೇ. ಇಂಧನದ ಪುಟಗಳು ಸೈಲೆನ್ಸರಿಗೆ ತಕ್ಕಂತೆ ಬದಲಾಗಿದ್ದವು, ಆಗಬೇಕಾದ್ದೇ. ಆದರೆ ವೇಗದ ಸಂಖ್ಯೆಯೂ ಗೇರ್ ಅನುಪಾತದ ಪುಟವೂ ಬೇರೆಯವು. ಅದೇ ಗಾಡಿಗೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಹಲ್ಲಿನ ಪುಲ್ಲಿ ಹಾಕಿ ಮಾರಿರುತ್ತಾರೆ. ಫ್ಲ್ಯಾಶ್ ಮಾಡಿದವರು ಅಂಥ ಬೇರೆ ಮಾರುಕಟ್ಟೆಯ ಫೈಲನ್ನು ಬುನಾದಿಯಾಗಿ ತೆಗೆದುಕೊಂಡು, ಇಂಧನ ಮಾತ್ರ ತಿದ್ದಿ, ವೇಗದ ಪುಟ ನೋಡದೆ ಬಿಟ್ಟಿದ್ದರು.

ತಿದ್ದುವ ಲೆಕ್ಕ ಸುಲಭ, ದಿಕ್ಕು ತಪ್ಪುವುದೂ ಅಷ್ಟೇ ಸುಲಭ. ಕೆಲವು ಟ್ಯೂನರ್‌ಗಳಲ್ಲಿ ಆ ಸಂಖ್ಯೆ 'ಒಂದು ಕಿಲೋಮೀಟರಿಗೆ ಎಷ್ಟು ಪಲ್ಸ್' ಎಂದಿರುತ್ತದೆ. ಮೀಟರ್ ಹೆಚ್ಚು ತೋರಿಸುತ್ತಿದ್ದರೆ ಸಂಖ್ಯೆಯನ್ನು ಏರಿಸಬೇಕು: 1,000 ಇದ್ದರೆ 1,110. ಇನ್ನು ಕೆಲವದರಲ್ಲಿ 'ಒಂದು ಪಲ್ಸಿಗೆ ಎಷ್ಟು ದೂರ' ಎಂದಿರುತ್ತದೆ. ಅಲ್ಲಿ ಇಳಿಸಬೇಕು: 1,000 ಇದ್ದರೆ 901. ಯಾವುದೆಂದು ಖಾತರಿ ಇಲ್ಲದಿದ್ದರೆ ಎರಡು ಶೇಕಡಾ ಮಾತ್ರ ಬದಲಾಯಿಸಿ, ಐದು ಕಿಲೋಮೀಟರ್ ಓಡಿಸಿ, ಓಡೋ ಯಾವ ಕಡೆ ಹೋಯಿತೆಂದು ನೋಡಿ. 11 ಶೇಕಡಾವನ್ನು ತಪ್ಪು ದಿಕ್ಕಿಗೆ ಹಾಕಿ ಹೆದ್ದಾರಿಗೆ ಹೋಗುವುದು ಬೇಡ.

ನಾನು ಅಳತೆಯಿಂದ ಹಾಕಿದ ಸಂಖ್ಯೆಗೂ ಕಂಪನಿ ಫೈಲಿನ ಸಂಖ್ಯೆಗೂ ಅರ್ಧ ಶೇಕಡಾ ಕೂಡ ವ್ಯತ್ಯಾಸ ಬರಲಿಲ್ಲ. ರಸ್ತೆಯಲ್ಲಿ ಅಳೆದದ್ದು, ಸೀಮೆಸುಣ್ಣದಲ್ಲಿ ಅಳೆದದ್ದು, ಫೈಲಿನಲ್ಲಿ ಬರೆದದ್ದು ಮೂರೂ ಒಂದೇ ಕಡೆ ಬೆರಳು ತೋರಿಸಿದ ಆ ಕ್ಷಣ ನನಗೆ ನಿಜವಾಗಿ ನೆಮ್ಮದಿಯಾಯಿತು. ಪುಲ್ಲಿ ಕಂಪನಿಯದೇ ಆದ್ದರಿಂದ ಕಂಪನಿಯ ಸಂಖ್ಯೆಯನ್ನೇ ಇಟ್ಟೆ. ಗೇರ್ ಅನುಪಾತದ ಪುಟವನ್ನೂ ಅದರ ಜೊತೆಗೇ ವಾಪಸ್ ತಂದೆ. ವೇಗದ ಸಂಖ್ಯೆ ಒಂದನ್ನೇ ತಿದ್ದಿ ಆ ಪುಟ ಬಿಟ್ಟರೆ, ಯಾವ ಗೇರಿನಲ್ಲಿದೆ ಎಂದು ಆರ್‌ಪಿಎಂ-ವೇಗದ ಲೆಕ್ಕದಿಂದ ಹೇಳುವ ಇಸಿಯು ಗೊಂದಲಕ್ಕೆ ಬೀಳುತ್ತದೆ. ಈ ಗಾಡಿಯಲ್ಲಿ ಇಂಡಿಕೇಟರ್ ತಾನಾಗಿ ಆರುವುದಕ್ಕೂ ವೇಗದ ಸಿಗ್ನಲ್ ಬೇಕು. ಮೀಟರಿನ ಮುಳ್ಳಷ್ಟೇ ಇದರ ಗಿರಾಕಿ ಅಲ್ಲ.

ಫ್ಲ್ಯಾಶ್ ಮಾಡುವಾಗ ಬ್ಯಾಟರಿಗೆ ಚಾರ್ಜರ್ ಹಾಕಿ, ಹೆಡ್‌ಲೈಟ್ ಫ್ಯೂಸ್ ತೆಗೆದಿಡಿ, ಲ್ಯಾಪ್‌ಟಾಪ್ ನಿದ್ದೆಗೆ ಹೋಗದಂತೆ ಮಾಡಿ. ಬರೆಯುತ್ತಿರುವಾಗ ಕೀಲಿಯನ್ನಾಗಲಿ ಕಿಲ್ ಸ್ವಿಚ್ಚನ್ನಾಗಲಿ ಯಾರೂ ಮುಟ್ಟಬಾರದು. ಅರ್ಧಕ್ಕೆ ನಿಂತ ಫೈಲು ಇಸಿಯುವನ್ನೇ ಕೊಂದುಬಿಡಬಹುದು. ಮುಗಿದ ಮೇಲೆ ಕೀಲಿ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ, ಕೋಡ್ ಏನಾದರೂ ಬಂತೇ ನೋಡಿ.

ಮತ್ತೆ ತುಮಕೂರು ರಸ್ತೆ

ಮರುದಿನ ಬೆಳಿಗ್ಗೆ ಅದೇ ದಾರಿ, ಅದೇ ಗಾಳಿ, ಅದೇ ಫೋನ್. ಜಿಪಿಎಸ್ 20.0, ಟ್ರಿಪ್ 20.0. ಮೀಟರ್ 40ಕ್ಕೆ ಜಿಪಿಎಸ್ 38.5, 60ಕ್ಕೆ 57.7, 80ಕ್ಕೆ 77.

"ಇನ್ನೂ ಮೂರು ಹೆಚ್ಚಿದೆಯಲ್ಲಾ ಅಣ್ಣಾ, ಅದನ್ನೂ ತೆಗೀಬಹುದಲ್ವಾ?" ಎಂದರು. ತೆಗೆಯಬಹುದು. ತೆಗೆದರೆ ನೂರು ಕಿಲೋಮೀಟರ್ ಓಡಿದ ಗಾಡಿ 96 ಎಂದು ಬರೆಯುತ್ತದೆ. ಆಯಿಲ್ ಬದಲಾವಣೆ ತಡವಾಗುತ್ತದೆ, ನಾಳೆ ಕೊಳ್ಳುವವರಿಗೆ ಗಾಡಿ ಕಡಿಮೆ ಓಡಿದೆ ಎಂದು ಸುಳ್ಳು ಹೇಳಿದಂತಾಗುತ್ತದೆ. ಟೈರ್ ಹೊಸದಾದ ದಿನ ಮೀಟರ್ ನಿಜವೇಗಕ್ಕಿಂತ ಕೆಳಗೂ ಇಳಿಯಬಹುದು. ಆ ಮೂರು ಇರಲಿ ಎಂದೆ, ಅವರೂ ಒಪ್ಪಿದರು.

ಮೈಲೇಜ್ ಲೆಕ್ಕ ಹೇಳುವಾಗ ಮಾತ್ರ ಅವರ ಮುಖ ಬಾಡಿತು. 24ನ್ನು 1.11ರಿಂದ ಭಾಗಿಸಿದರೆ 21.6. ಫ್ಲ್ಯಾಶ್ ಮಾಡಿಸಿದಂದಿನಿಂದ ಓಡೋ 6,200 ಕಿ.ಮೀ. ಕೂಡಿಸಿತ್ತು, ನಿಜವಾಗಿ ಓಡಿದ್ದು ಸುಮಾರು 5,586. ಉಳಿದ 614 ಗಾಡಿ ಕಾಣದ ಹಾದಿ. ಅದನ್ನು ಓಡೋದಿಂದ ಕಳೆದುಬಿಡಿ ಎಂದು ಅವರೂ ಕೇಳಲಿಲ್ಲ, ಕೇಳಿದ್ದರೂ ನಾನು ಮಾಡುತ್ತಿರಲಿಲ್ಲ. ಓಡೋದಲ್ಲಿ ಒಮ್ಮೆ ಬಿದ್ದ ಅಂಕಿಯನ್ನು ಹಿಂದಕ್ಕೆ ತಿರುಗಿಸುವುದು ರಿಪೇರಿಯಲ್ಲ, ಮೋಸ. ಬದಲಿಗೆ ಸರ್ವಿಸ್ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಟ್ಟೆ: ತಾರೀಖು, ಅಂದಿನ ಓಡೋ ಅಂಕಿ, ಯಾವ ಫೈಲ್ ಇತ್ತು, ಯಾವುದು ಹಾಕಿದೆ, ಹಿಂದಿನ ಟೈರಿನ ಅಳತೆ ಮತ್ತು ಉಳಿದ ರಬ್ಬರ್, ಮೂರು ಸುತ್ತಿಗೆ 5.94 ಮೀಟರ್, 6,200 ಎಂದು ತೋರಿಸಿದ್ದರಲ್ಲಿ 614 ಹೆಚ್ಚುವರಿ. ಕೆಳಗೆ ಅವರೂ ಸಹಿ ಹಾಕಿದರು.